ಬಡಗಿಯ ಮಗ ದಂಡನಾಯಕನಾಗಲು ಹಿಡಿದ ಐವತ್ತು ವರ್ಷ

ಎನ್‌ಸೈನ್ ಎಂಬ ತೀರ ಕೆಳಗಿನ ಅಧಿಕಾರಿ ಹುದ್ದೆಗೆ 450 ಪೌಂಡ್. ಲೆಫ್ಟಿನೆಂಟ್ ಆಗಬೇಕೆಂದರೆ 700. ಕ್ಯಾಪ್ಟನ್‌ಗೆ 1,800, ಮೇಜರ್‌ಗೆ 3,200, ಲೆಫ್ಟಿನೆಂಟ್ ಕರ್ನಲ್‌ಗೆ 4,500. ಬ್ರಿಟಿಷ್ ಸೇನೆಯ ಕಾಲಾಳು ದಳದಲ್ಲಿ ಅಧಿಕಾರಿ ಹುದ್ದೆಗಳಿಗೆ 1821ರಲ್ಲಿ ಸರ್ಕಾರವೇ ಗೊತ್ತುಮಾಡಿದ ಬೆಲೆಗಳಿವು. ಕದ್ದುಮುಚ್ಚಿ ಕೊಡುವ ಲಂಚದ ಮಾತಲ್ಲ, ಕಾನೂನೇ ಒಪ್ಪಿದ ವ್ಯಾಪಾರ. ಮೇಲಿನ ಹುದ್ದೆ ತೆರವಾದಾಗ ನಿಮ್ಮ ಹುದ್ದೆಯನ್ನು ಕೆಳಗಿನವನಿಗೆ ಮಾರಿ, ವ್ಯತ್ಯಾಸದ ಹಣವನ್ನು ಕೈಯಿಂದ ಹಾಕಿ ಒಂದು ಮೆಟ್ಟಿಲು ಏರಬಹುದಿತ್ತು. ನಿವೃತ್ತಿಯ ಹೊತ್ತಿಗೆ ಕೊನೆಯ ಹುದ್ದೆಯನ್ನು ಮಾರಿದರೆ ಅದೇ ಇಡುಗಂಟು.

ಇಂಥ ಸೇನೆಯಲ್ಲಿ ದುಡ್ಡಿಲ್ಲದವನು ಮೇಲೇರುವುದು ಹೇಗೆ? ಈ ಪ್ರಶ್ನೆಗೆ ಕಾಲಿನ್ ಕ್ಯಾಂಪ್‌ಬೆಲ್‌ನ ಬದುಕಿಗಿಂತ ಸ್ಪಷ್ಟವಾದ ಉತ್ತರ ನನಗೆ ಕಂಡಿಲ್ಲ. ಸ್ಪೇನ್, ಚೀನಾ, ಪಂಜಾಬ್, ಕ್ರಿಮಿಯಾ, ಕೊನೆಗೆ 1857ರ ಲಖನೌ, ಹೀಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ ನಡೆಸಿದ ಎಷ್ಟೋ ಯುದ್ಧಗಳಲ್ಲಿ ಅವನಿದ್ದಾನೆ. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಅವನು ‘ಲಖನೌವನ್ನು ಮರಳಿ ಗೆದ್ದ ಸರ್ ಕಾಲಿನ್ ಕ್ಯಾಂಪ್‌ಬೆಲ್’ ಎಂಬ ಒಂದೇ ಸಾಲಾಗಿ ಬಂದುಹೋಗುತ್ತಾನೆ. ಆ ಸಾಲಿನ ಹಿಂದೆ ಅರ್ಧ ಶತಮಾನದ ಕಥೆಯಿದೆ.

ಅವನು ಹುಟ್ಟಿದ್ದು 1792ರ ಅಕ್ಟೋಬರ್ 20ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ. ತಂದೆ ಜಾನ್ ಮ್ಯಾಕ್ಲಿವರ್ ಬಡಗಿ. ತಾಯಿಯ ತವರಿನ ಮನೆತನ ಕ್ಯಾಂಪ್‌ಬೆಲ್. ಸೇನೆಯಲ್ಲಿ ಕರ್ನಲ್ ಆಗಿದ್ದ ಸೋದರಮಾವ ಹುಡುಗನನ್ನು ಓದಿಸಿ, ಆಗಿನ ಮಹಾದಂಡನಾಯಕ ಯಾರ್ಕ್‌ನ ಡ್ಯೂಕ್ ಮುಂದೆ ನಿಲ್ಲಿಸಿದ. ‘ಓ, ಕ್ಯಾಂಪ್‌ಬೆಲ್ ವಂಶದ ಇನ್ನೊಬ್ಬ’ ಎಂದುಕೊಂಡ ಡ್ಯೂಕ್ ಅದೇ ಹೆಸರನ್ನು ಬರೆದುಕೊಂಡನೆಂದೂ, ಹೆಸರಿನಿಂದ ಒಳ್ಳೆಯದೇ ಆಗುತ್ತದೆ, ಸುಮ್ಮನಿರು ಎಂದು ಮಾವ ಹೇಳಿದನೆಂದೂ ಕಥೆ. ಅಂತೂ ಮ್ಯಾಕ್ಲಿವರ್ ಎಂಬ ಹೆಸರು ಅಲ್ಲಿಗೆ ಮುಗಿಯಿತು. 1808ರ ಮೇ ತಿಂಗಳಲ್ಲಿ ಹದಿನೈದು ವರ್ಷದ ಹುಡುಗ 9ನೇ ಕಾಲಾಳು ರೆಜಿಮೆಂಟಿನ ಎನ್‌ಸೈನ್ ಆದ. ಯುದ್ಧಕಾಲವಾದ್ದರಿಂದ ಕೆಳಹಂತದ ಹುದ್ದೆಗಳು ದುಡ್ಡಿಲ್ಲದೆಯೂ ಸಿಗುತ್ತಿದ್ದವು.

ಮೂರೇ ತಿಂಗಳಲ್ಲಿ ಅವನು ಪೋರ್ಚುಗಲ್‌ನಲ್ಲಿದ್ದ. ಅಲ್ಲಿ ನೆಪೋಲಿಯನ್ನನ ಪಡೆಗಳ ವಿರುದ್ಧ ಬ್ರಿಟಿಷ್ ದಂಡನ್ನು ನಡೆಸುತ್ತಿದ್ದವನು ಆರ್ಥರ್ ವೆಲ್ಲೆಸ್ಲಿ. ಶ್ರೀರಂಗಪಟ್ಟಣದ ಕಥೆ ಬಲ್ಲವರಿಗೆ ಈ ಹೆಸರು ಹೊಸದಲ್ಲ. 1799ರಲ್ಲಿ ಟಿಪ್ಪುವಿನ ಕೋಟೆ ಬಿದ್ದ ಮೇಲೆ ಆ ಊರಿನ ಆಡಳಿತ ವಹಿಸಿಕೊಂಡಿದ್ದ, ಮುಂದೆ ವೆಲ್ಲಿಂಗ್ಟನ್‌ನ ಡ್ಯೂಕ್ ಆದವನೇ ಇವನು. ವಿಮೇರೊ ಎಂಬ ಹಳ್ಳಿಯ ಬಳಿ ಆಗಸ್ಟ್ 21ರಂದು ಯುದ್ಧ. ಕ್ಯಾಂಪ್‌ಬೆಲ್‌ನ ತುಕಡಿ ಕಾದು ನಿಂತಿತ್ತು, ಫ್ರೆಂಚರ ತೋಪುಗಳು ಗುಂಡು ಕಾರುತ್ತಿದ್ದವು. ಆಗ ಅವನ ಕ್ಯಾಪ್ಟನ್ ಬಂದು ಹುಡುಗನ ಕೈ ಹಿಡಿದು, ದಳದ ಮುಂಭಾಗಕ್ಕೆ ಕರೆದೊಯ್ದು, ಶತ್ರುವಿನ ತೋಪುಗಳಿಗೆ ಪೂರಾ ಕಾಣುವಂತೆ ಕೆಲವು ನಿಮಿಷ ಅತ್ತಿಂದಿತ್ತ ನಡೆದಾಡಿದ. ಆಮೇಲೆ ಕೈ ಬಿಟ್ಟು ನಿನ್ನ ಜಾಗಕ್ಕೆ ಹೋಗು ಎಂದ. ಎದೆಯ ನಡುಕ ಅಲ್ಲಿಗೆ ಇಳಿಯಿತು. ತನಗೆ ಯಾರಾದರೂ ತೋರಿದ ದೊಡ್ಡ ದಯೆ ಅದು ಎಂದು ಕ್ಯಾಂಪ್‌ಬೆಲ್ ಮುಪ್ಪಿನಲ್ಲೂ ನೆನೆಯುತ್ತಿದ್ದ. ಜನರಿಂದ ಕೆಲಸ ಮಾಡಿಸುವ ಒಂದು ಬಗೆಯನ್ನು ಅವನು ಆ ಹೊತ್ತಿನಲ್ಲಿ ಕಲಿತಿರಬೇಕು ಎಂದು ನನಗೆ ಅನ್ನಿಸುತ್ತದೆ: ಹೆದರಿದವನನ್ನು ಗದರಿಸಬೇಡ, ಕೈ ಹಿಡಿದು ನಡೆಸು.

ಆ ಚಳಿಗಾಲ ಅವನಿಗೆ ಇನ್ನೊಂದು ಪಾಠ ಕಾದಿತ್ತು. ನೆಪೋಲಿಯನ್ ಸ್ವತಃ ದೊಡ್ಡ ಸೈನ್ಯದೊಡನೆ ಸ್ಪೇನ್‌ಗೆ ಬಂದ. ಸರ್ ಜಾನ್ ಮೂರ್‌ನ ಕೈಕೆಳಗಿದ್ದ ಬ್ರಿಟಿಷ್ ದಂಡು ಹಿಮ ತುಂಬಿದ ಬೆಟ್ಟಗಳ ದಾರಿಯಲ್ಲಿ ಕೊರುನ್ನಾ ಬಂದರಿನ ಕಡೆಗೆ ಹಿಮ್ಮೆಟ್ಟಿತು. ಕ್ಯಾಂಪ್‌ಬೆಲ್‌ನ ಬೂಟಿನ ಅಟ್ಟೆ ಸವೆದು ಹೋಗಿ ಎಷ್ಟೋ ದಿನ ಬರಿ ಅಂಗಾಲಲ್ಲೇ ನಡೆದ. ಹಡಗು ಹತ್ತಿದ ಮೇಲೆ ಬೂಟು ಕಳಚಲು ನೋಡಿದರೆ ಬರಲಿಲ್ಲ. ತೊಗಲು ಕಾಲಿನ ಮಾಂಸಕ್ಕೇ ಅಂಟಿತ್ತು. ಬಿಸಿನೀರಿನಲ್ಲಿ ಕಾಲು ನೆನೆಸಿ, ಕತ್ತರಿಸಿ ಎಳೆದಾಗ ಬೂಟಿನ ಜೊತೆ ಚರ್ಮವೂ ಪಟ್ಟಿಪಟ್ಟಿಯಾಗಿ ಕಿತ್ತು ಬಂತು. ಆಗ ಅವನಿಗೆ ಹದಿನಾರು.

1809ರಲ್ಲೇ ಅವನನ್ನು ಡಚ್ ಕರಾವಳಿಯ ವಾಲ್ಕೆರೆನ್ ದ್ವೀಪಕ್ಕೆ ಕಳಿಸಿದರು. ಹತ್ತೊಂಬತ್ತನೆಯ ಶತಮಾನದ ಸೈನಿಕರು ಯಾತರಿಂದ ಸಾಯುತ್ತಿದ್ದರು ಎಂಬುದನ್ನು ತಿಳಿಯಲು ಈ ಒಂದು ದಂಡಯಾತ್ರೆ ಸಾಕು. ಹೋದವರು ಸುಮಾರು 40,000. ಸತ್ತವರು ಸುಮಾರು 4,000. ಅವರಲ್ಲಿ ಯುದ್ಧದಲ್ಲಿ ಮಡಿದವರು ನೂರು ಚಿಲ್ಲರೆ ಮಾತ್ರ. ಮಿಕ್ಕವರನ್ನು ಕೊಂದದ್ದು ಜೌಗು ನೆಲದ ಜ್ವರ. ಬದುಕಿ ಬಂದವರಿಗೂ ಅದು ಮರುಕಳಿಸುತ್ತಲೇ ಇತ್ತು. ಕ್ಯಾಂಪ್‌ಬೆಲ್‌ನಿಗಂತೂ ಆ ಜ್ವರ ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆ ಎಂದು ತಿಳಿಯಲು ಆ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಆಗಿನ ವೈದ್ಯರು ದೂರಿದ್ದು ಕೆಟ್ಟ ಗಾಳಿಯನ್ನು.

ಇಷ್ಟೆಲ್ಲ ಆದ ಮೇಲೆ ಹುದ್ದೆ? ಇಲ್ಲೇ ಸೇನೆಯ ಲೆಕ್ಕಾಚಾರ ಬಿಚ್ಚಿಕೊಳ್ಳುತ್ತದೆ. ಮೇಲಿನವನು ಹುದ್ದೆ ಮಾರಿ ಹೋದರೆ ಅದು ದುಡ್ಡಿದ್ದವನ ಪಾಲು. ಆದರೆ ಯುದ್ಧದಲ್ಲಿ ಸತ್ತರೆ ಅವನ ಹುದ್ದೆಯನ್ನು ಮಾರುವಂತಿರಲಿಲ್ಲ. ಅದು ಸರದಿಯಂತೆ ಕೆಳಗಿನವನಿಗೆ ಪುಕ್ಕಟೆಯಾಗಿ ಸಿಗುತ್ತಿತ್ತು. ಬಡ ಅಧಿಕಾರಿಗೆ ಬಡ್ತಿ ಬರಬೇಕೆಂದರೆ ಜೊತೆಯವರು ಸಾಯಬೇಕು, ಇಲ್ಲವೇ ಮೇಲಿನವರ ಕಣ್ಣು ಕುಕ್ಕುವಂಥ ಸಾಹಸವನ್ನು ತಾನೇ ಮಾಡಬೇಕು. ಕೋಟೆಯ ಗೋಡೆ ಒಡೆದ ಕಂಡಿಗೆ ಮೊದಲು ನುಗ್ಗುವ ತಂಡದ ಮುಂದಾಳತ್ವಕ್ಕೆ ತರುಣರು ತಾವಾಗಿ ಮುಂದೆ ಬರುತ್ತಿದ್ದುದು ಅದಕ್ಕೇ. ಬದುಕಿ ಬಂದರೆ ಬಡ್ತಿಯ ಆಸೆ ಇತ್ತು. ಬಹುಪಾಲು ಮಂದಿ ಬದುಕಿ ಬರುತ್ತಿರಲಿಲ್ಲ.

1813ರ ಜುಲೈ 25ರಂದು ಸ್ಪೇನಿನ ಸಾನ್ ಸೆಬಾಸ್ಟಿಯನ್ ಕೋಟೆಯ ಮೇಲೆ ನಡೆದ ಲಗ್ಗೆಯಲ್ಲಿ ಆ ಮೊದಲ ತಂಡವನ್ನು ನಡೆಸಿದವನು ಇಪ್ಪತ್ತರ ಕ್ಯಾಂಪ್‌ಬೆಲ್. ಸೊಂಟಕ್ಕೊಂದು, ತೊಡೆಗೊಂದು ಗುಂಡು ತಗುಲಿ ಬಿದ್ದ. ಲಗ್ಗೆ ವಿಫಲವಾಯಿತು. ಅಕ್ಟೋಬರ್‌ನಲ್ಲಿ, ಗಾಯ ಇನ್ನೂ ಮಾಯುವ ಮೊದಲೇ, ಅಪ್ಪಣೆಯಿಲ್ಲದೆ ಆಸ್ಪತ್ರೆಯಿಂದ ಹೊರಬಿದ್ದು ಬಿದಸೋವಾ ನದಿ ದಾಟುವ ಯುದ್ಧಕ್ಕೆ ಹೋಗಿ ಇನ್ನೊಮ್ಮೆ ಗಾಯಗೊಂಡ. ಮೇಲಧಿಕಾರಿ ಬೈದ. ಆದರೆ ನವೆಂಬರ್‌ನಲ್ಲಿ ದುಡ್ಡಿಲ್ಲದೆ ಕ್ಯಾಪ್ಟನ್ ಹುದ್ದೆ ಬಂತು. ಸೇನೆ ಸೇರಿ ಐದೂವರೆ ವರ್ಷ.

ಅಲ್ಲಿಂದ ಮೇಜರ್ ಜನರಲ್ ಆಗಲು ನಲವತ್ತು ವರ್ಷ ಹಿಡಿಯಿತು.

ಕಾರಣ ಸರಳ. ಶಾಂತಿ ಬಂತು, ಸಾವು ನಿಂತಿತು, ಬಡ್ತಿಯ ಪುಕ್ಕಟೆ ದಾರಿ ಮುಚ್ಚಿತು. ಜಿಬ್ರಾಲ್ಟರ್, ಬಾರ್ಬಡೋಸ್, ದಕ್ಷಿಣ ಅಮೆರಿಕದ ಡೆಮೆರಾರಾ ಎಂದು ಊರೂರು ಅಲೆದ. 1823ರಲ್ಲಿ ಡೆಮೆರಾರಾದ ಕಬ್ಬಿನ ತೋಟಗಳ ಗುಲಾಮರು ಬಿಡುಗಡೆಗಾಗಿ ಎದ್ದಾಗ ಅವರನ್ನು ಕ್ರೂರವಾಗಿ ಹತ್ತಿಕ್ಕಿದ ಆಡಳಿತದಲ್ಲಿ ಅವನೂ ಒಬ್ಬ ಅಧಿಕಾರಿ. ಕೊನೆಗೆ ದುಡ್ಡು ಹೊಂದಿಸಿ 1825ರಲ್ಲಿ ಮೇಜರ್ ಹುದ್ದೆಯನ್ನೂ, 1832ರಲ್ಲಿ ಲೆಫ್ಟಿನೆಂಟ್ ಕರ್ನಲ್ ಹುದ್ದೆಯನ್ನೂ ಕೊಂಡ. ಅಷ್ಟರಲ್ಲಿ ನಲವತ್ತು ತುಂಬುತ್ತಿತ್ತು. ಇದಕ್ಕೆ ಎದುರಾಗಿ ಕಾರ್ಡಿಗನ್ ಪ್ರಭುವನ್ನು ನೋಡಿ. 1824ರಲ್ಲಿ ಕುದುರೆ ದಳ ಸೇರಿದ ಈ ಸಿರಿವಂತ ಆರೇ ವರ್ಷದಲ್ಲಿ ಲೆಫ್ಟಿನೆಂಟ್ ಕರ್ನಲ್. 1832ರಲ್ಲಿ ಒಂದು ರೆಜಿಮೆಂಟಿನ ನಾಯಕತ್ವಕ್ಕೆ ಅವನು ಸುರಿದದ್ದು ಮೂವತ್ತು ಸಾವಿರ ಪೌಂಡಿಗೂ ಹೆಚ್ಚು ಎಂಬ ಮಾತಿತ್ತು. ಸರ್ಕಾರದ ದರ ಕಾಗದದ ಮೇಲಷ್ಟೇ. ಬೇಡಿಕೆ ಇದ್ದಲ್ಲಿ ಬೆಲೆ ಹಲವು ಪಟ್ಟು ಏರುತ್ತಿತ್ತು. ಈ ಇಬ್ಬರೂ ಇಪ್ಪತ್ತೆರಡು ವರ್ಷದ ಬಳಿಕ ಒಂದೇ ದಿನ ಒಂದೇ ರಣರಂಗದಲ್ಲಿರುತ್ತಾರೆ, ನೆನಪಿಡಿ.

ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ಹುದ್ದೆಗಳ ಮಾರಾಟವಿರಲಿಲ್ಲ, ಅಲ್ಲಿ ಸೇವಾ ಹಿರಿತನವೇ ಎಲ್ಲ. ಆದರೆ ಅದರ ಬಹುಪಾಲು ಸೈನಿಕರಾಗಿದ್ದ ಭಾರತೀಯರಿಗೆ ದುಡ್ಡಿನಿಂದಲೂ ದಾಟಲಾಗದ ಗೋಡೆಯಿತ್ತು. ತಿಂಗಳಿಗೆ ಏಳು ರೂಪಾಯಿ ಸಂಬಳದ ಸಿಪಾಯಿ ನಲವತ್ತು ವರ್ಷ ದುಡಿದು ಸುಬೇದಾರನಾದರೂ, ನಿನ್ನೆ ಹಡಗಿನಿಂದಿಳಿದ ಹದಿನೇಳರ ಬಿಳಿಯ ಹುಡುಗನಿಗೆ ಅವನು ಕೆಳಗಿನವನೇ. ಕ್ಯಾಂಪ್‌ಬೆಲ್‌ನ ಸಂಕಟವನ್ನು ಓದುವಾಗ ಆ ಸುಬೇದಾರರು ನನ್ನ ಕಣ್ಣ ಮುಂದೆ ಬರುತ್ತಾರೆ. ಅವರ ಹೆಸರು ಹೇಳುವ ಪುಟಗಳು ತೀರ ಕಡಿಮೆ.

1842ರಲ್ಲಿ ಕ್ಯಾಂಪ್‌ಬೆಲ್ ತನ್ನ 98ನೇ ರೆಜಿಮೆಂಟಿನೊಡನೆ ಚೀನಾದಲ್ಲಿದ್ದ. ಚೀನಾದೊಳಗೆ ಅಫೀಮು ಮಾರುವ ಬ್ರಿಟಿಷ್ ವ್ಯಾಪಾರಿಗಳ ಲಾಭಕ್ಕಾಗಿ ನಡೆದ ಆ ಯುದ್ಧದಲ್ಲಿ ಅವನ ರೆಜಿಮೆಂಟಿಗೆ ಕಾದಾಟ ಸಿಕ್ಕಿದ್ದು ಕಡಿಮೆ, ಸಾವು ಸಿಕ್ಕಿದ್ದು ವಿಪರೀತ. ತಿಂಗಳುಗಟ್ಟಲೆ ಹಡಗಿನಲ್ಲಿ ಕುರಿಗಳಂತೆ ತುಂಬಿಕೊಂಡು ಬಂದವರನ್ನು ಯೂರೋಪಿನ ಚಳಿಗೆ ಹೊಲಿದ ದಪ್ಪ ಉಡುಪಿನಲ್ಲೇ ಜುಲೈ ಬಿಸಿಲಿಗೆ ಇಳಿಸಿದರು. ಝೆನ್‌ಜಿಯಾಂಗ್ ಊರಿನ ಎದುರು ಗುಂಡು ತಗುಲದೆ, ಬರೀ ಬಿಸಿಲಿಗೆ ಬಿದ್ದು ಸತ್ತವರಿದ್ದರು. ಮುಂದಿನ ತಿಂಗಳುಗಳಲ್ಲಿ ಜ್ವರ, ಭೇದಿಗಳಿಂದ ನೂರಾರು ಮಂದಿ ಹೋದರು. ವಾಲ್ಕೆರೆನ್ ಕಂಡಿದ್ದ ಮನುಷ್ಯ ತಾನೇ ಕಟ್ಟಿ ಬೆಳೆಸಿದ ದಳ ಹೀಗೆ ಕರಗುವುದನ್ನು ನೋಡುತ್ತ ನಿಲ್ಲಬೇಕಾಯಿತು. ಸೈನಿಕರ ಊಟ, ನೆರಳು, ನಡಿಗೆಯ ಹೊತ್ತು, ಇವುಗಳ ಬಗ್ಗೆ ಮುಂದೆ ಅವನು ತೋರಿದ ಹಟಕ್ಕೆ ಬೇರು ಇಲ್ಲಿದೆ.

ಆದರೂ ಎಲ್ಲವನ್ನೂ ಕಲಿತು ಮುಗಿಸಿದವನಾಗಿರಲಿಲ್ಲ. 1849ರ ಜನವರಿ 13, ಪಂಜಾಬಿನ ಚಿಲಿಯನ್‌ವಾಲಾ. ಸಿಖ್ಖರ ತೋಪುಗಳು ಮುಳ್ಳುಪೊದೆಗಳ ಆಚೆ ಕಾದಿದ್ದವು. ಗುಂಡು ಹಾರಿಸದೆ ಬಯೋನೆಟ್ಟಿನಿಂದಲೇ ತೋಪುಗಳನ್ನು ಹಿಡಿಯಿರಿ ಎಂದು ಕ್ಯಾಂಪ್‌ಬೆಲ್ ತನ್ನ ವಿಭಾಗದ 24ನೇ ರೆಜಿಮೆಂಟನ್ನು ಹುರಿದುಂಬಿಸಿದ. ತಾನು ಇನ್ನೊಂದು ಬ್ರಿಗೇಡಿನ ಜೊತೆ ಹೋದ. 24ನೆಯವರು ಪೊದೆಗಳ ನಡುವೆ ಸಾಲು ಕೆಟ್ಟು, ಏದುಸಿರು ಬಿಡುತ್ತ ತೋಪಿನ ಬಾಯಿಗೆ ಹೋಗಿ ಬಿದ್ದರು. ಆ ಒಂದೇ ರೆಜಿಮೆಂಟಿನಲ್ಲಿ ಸತ್ತವರು, ಗಾಯಗೊಂಡವರು ಸೇರಿ ಐನೂರಕ್ಕೂ ಹೆಚ್ಚು. ಐದು ವಾರ ಕಳೆದು ಗುಜರಾತ್ ಎಂಬ ಪಂಜಾಬಿ ಪಟ್ಟಣದ ಬಳಿ ಮತ್ತೆ ಯುದ್ಧವಾದಾಗ ಬ್ರಿಟಿಷರು ಮೊದಲು ನೂರರಷ್ಟು ತೋಪುಗಳಿಂದ ಗಂಟೆಗಟ್ಟಲೆ ಬಡಿದರು, ಆಮೇಲಷ್ಟೇ ಕಾಲಾಳುಗಳು ಕದಲಿದರು. ಗೆಲುವು ಸಿಕ್ಕಿತು, ಅವರ ಕಡೆ ಸತ್ತವರು ನೂರರ ಒಳಗೆ. ಎದೆಗಾರಿಕೆ ಮಾಡಲಾಗದ್ದನ್ನು ತೋಪು ಮಾಡಬಲ್ಲದು ಎಂಬುದು ಆ ಎರಡು ಯುದ್ಧಗಳ ವ್ಯತ್ಯಾಸದಲ್ಲಿ ಅವನಿಗೆ ಕಂಡಿತು.

ಪೇಶಾವರದ ಗಡಿಯಲ್ಲಿ ಪಠಾಣರ ಮೇಲೆ ದಂಡೆತ್ತಿ ಹೋಗುವ ವಿಷಯದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೂ ಅವನಿಗೂ ಬಿರುಸಾಗಿ ಹತ್ತಿಕೊಂಡಿತು. ಅತಿ ಎಚ್ಚರಿಕೆಯಿಂದ ಹಿಂಜರಿಯುತ್ತಾನೆ ಎಂದು ಡಾಲ್‌ಹೌಸಿ ದೂರಿದ. ಕ್ಯಾಂಪ್‌ಬೆಲ್ 1852ರಲ್ಲಿ ಹುದ್ದೆ ಬಿಟ್ಟು ಊರಿಗೆ ಹೋದ. ಅರವತ್ತು ತುಂಬಿತ್ತು. ಎರಡೇ ವರ್ಷದಲ್ಲಿ ರಷ್ಯಾದ ಮೇಲೆ ಯುದ್ಧ ಸಾರಲಾಯಿತು.

ಕ್ರಿಮಿಯಾದ ಬಾಲಕ್ಲಾವಾ ಬಂದರನ್ನು ಕಾಯಲು 1854ರ ಅಕ್ಟೋಬರ್ 25ರಂದು ಅವನ ಕೈಲಿದ್ದುದು ಮುಖ್ಯವಾಗಿ ಸ್ಕಾಟ್ಲೆಂಡಿನ 93ನೇ ರೆಜಿಮೆಂಟಿನ ಸುಮಾರು ಐನೂರು ಮಂದಿ. ಎದುರಿನಿಂದ ರಷ್ಯನ್ ಕುದುರೆ ದಳ ನುಗ್ಗಿ ಬಂತು. ಕುದುರೆಗಳು ಮೇಲೆ ಬಿದ್ದರೆ ಕಾಲಾಳುಗಳು ನಾಲ್ಕೂ ಕಡೆ ಮುಖ ಮಾಡಿ ಚೌಕ ಕಟ್ಟಬೇಕು ಎನ್ನುವುದು ನೆಪೋಲಿಯನ್ ಕಾಲದ ವೇದವಾಕ್ಯ. ಕ್ಯಾಂಪ್‌ಬೆಲ್ ಚೌಕ ಕಟ್ಟಲಿಲ್ಲ. ಎರಡೇ ಸಾಲಿನಲ್ಲಿ ಉದ್ದಕ್ಕೆ ನಿಲ್ಲಿಸಿದ. ಇಲ್ಲಿಂದ ಹಿಂದೆ ಸರಿಯುವುದಿಲ್ಲ, ನಿಂತಲ್ಲೇ ಸಾಯಬೇಕು ಎಂದ. ದಿ ಟೈಮ್ಸ್ ಪತ್ರಿಕೆಯ ವರದಿಗಾರ ವಿಲಿಯಂ ರಸೆಲ್ ಉಕ್ಕಿನ ಅಂಚಿನ ತೆಳು ಕೆಂಪು ಗೆರೆಯೊಂದು ಕಂಡಿತೆಂದು ಬರೆದ. ಆ ‘ತೆಳು ಕೆಂಪು ಗೆರೆ’ ಇಂಗ್ಲಿಷಿನಲ್ಲಿ ನುಡಿಗಟ್ಟೇ ಆಯಿತು.

ಅದು ಬರೀ ಧೈರ್ಯದ ಮಾತಾಗಿರಲಿಲ್ಲ. ಅವನ ಬಾಲ್ಯದ ಕೋವಿಯ ನಳಿಗೆ ಒಳಗೆ ನುಣುಪಾಗಿತ್ತು. ನೂರು ಗಜದಾಚೆ ಅದರ ಗುಂಡು ಎಲ್ಲಿಗೆ ಹೋದೀತೆಂದು ಹೇಳುವಂತಿರಲಿಲ್ಲ. ಈಗ ಸೈನಿಕರ ಕೈಲಿದ್ದ ಮಿನಿಯೆ ಕೋವಿಯ ನಳಿಗೆಯೊಳಗೆ ಸುರುಳಿಯಾಗಿ ತೋಡು ಕೊರೆದಿತ್ತು. ಗುಂಡು ತಿರುಗುತ್ತ ಹೊರಬಂದು ಹಲವು ನೂರು ಗಜ ನೇರವಾಗಿ ಹೋಗುತ್ತಿತ್ತು. ಕುದುರೆಗಳು ಹತ್ತಿರ ಬರುವ ಮೊದಲೇ ಹೊಡೆಯಬಹುದೆಂದ ಮೇಲೆ ಚೌಕ ಏಕೆ? ಆದಷ್ಟು ಹೆಚ್ಚು ಕೋವಿಗಳು ಎದುರಿಗೆ ಗುರಿ ಮಾಡುವಂತಿದ್ದರೆ ಸಾಕು. ರಷ್ಯನ್ನರು ಹೊರಳಿ ಹೋದರು. ಅದೇ ದಿನ ಪಕ್ಕದ ಕಣಿವೆಯಲ್ಲಿ, ಕ್ರಿಮಿಯಾಕ್ಕೆ ಬರುವವರೆಗೆ ಒಂದು ಯುದ್ಧವನ್ನೂ ಕಂಡಿರದ ಕಾರ್ಡಿಗನ್ ಲೈಟ್ ಬ್ರಿಗೇಡಿನ ಆರುನೂರಕ್ಕೂ ಹೆಚ್ಚು ಸವಾರರನ್ನು ತಪ್ಪು ತಿಳಿದ ಆಜ್ಞೆಯೊಂದರಂತೆ ರಷ್ಯನ್ ತೋಪುಗಳ ಎದುರಿಗೇ ನಡೆಸಿದ. ಆಜ್ಞೆ ಅವನದಲ್ಲ, ಅವನು ಹೇಡಿಯೂ ಅಲ್ಲ. ಆದರೆ ಕೊಂಡ ಹುದ್ದೆಗೂ ಕಲಿತ ಕಸುಬಿಗೂ ಇರುವ ಅಂತರ ಆ ಕಣಿವೆಯಲ್ಲಿ ಕಾಣುತ್ತದೆ. ಹಾಗೆಂದು ಗುಂಡಿಗೆ ಸತ್ತವರೇ ಹೆಚ್ಚೆಂದು ತಿಳಿಯಬೇಡಿ: ಕ್ರಿಮಿಯಾದಲ್ಲಿ ಬ್ರಿಟಿಷರು ಕಳೆದುಕೊಂಡ ಇಪ್ಪತ್ತು ಸಾವಿರ ಚಿಲ್ಲರೆ ಜನರಲ್ಲಿ ಸುಮಾರು ಹದಿನಾರು ಸಾವಿರ ಮಂದಿ ಸತ್ತದ್ದು ಕಾಯಿಲೆಯಿಂದ.

ಅದೇ ತೋಡು ನಳಿಗೆಯ ಇನ್ನೊಂದು ಮಾದರಿ, ಎನ್‌ಫೀಲ್ಡ್ ಕೋವಿ, 1857ರ ಆರಂಭದಲ್ಲಿ ಭಾರತದ ಸಿಪಾಯಿಗಳ ಕೈಗೆ ಬಂತು. ನಳಿಗೆಗೆ ಬಿಗಿಯಾಗಿ ಕೂರುವ ಗುಂಡು ಜಾರಿ ಇಳಿಯಬೇಕೆಂದರೆ ತೋಟಾಕ್ಕೆ ಜಿಡ್ಡು ಬೇಕು. ಆ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಜಿಡ್ಡು ದನದ್ದು, ಹಂದಿಯದು ಎಂಬ ಸುದ್ದಿ ಹಬ್ಬಿತು. ರಾಜ್ಯಗಳ ಕಬಳಿಕೆ, ಕಂದಾಯದ ಹೊರೆ, ಭತ್ಯೆಯ ಕಡಿತ, ಇಂಥ ಎಷ್ಟೋ ವರ್ಷಗಳ ಬೇಗೆಗೆ ಅದು ಕಿಡಿಯಾಯಿತು. ದಂಗೆಯ ಆರಂಭದಲ್ಲೇ ಭಾರತದ ಸೇನಾಧಿಪತಿ ಆನ್ಸನ್ ಕಾಲರಾದಿಂದ ಸತ್ತ. ಆ ಸುದ್ದಿ ಲಂಡನ್ನಿಗೆ ಮುಟ್ಟಿದ್ದು ಜುಲೈ 11ರಂದು. ಕರೆದು ಕೇಳಿದ್ದು ಅರವತ್ತನಾಲ್ಕರ ಕ್ಯಾಂಪ್‌ಬೆಲ್‌ನನ್ನು. ಮರುದಿನವೇ ಹೊರಟ. ಆಗಸ್ಟ್ 13ಕ್ಕೆ ಕಲ್ಕತ್ತೆ.

ಲಖನೌದ ರೆಸಿಡೆನ್ಸಿಯಲ್ಲಿ, ಅಂದರೆ ಬ್ರಿಟಿಷ್ ಪ್ರತಿನಿಧಿಯ ನಿವಾಸದ ಆವರಣದಲ್ಲಿ, ಬ್ರಿಟಿಷರು ಜೂನ್ ಕೊನೆಯಿಂದ ಮುತ್ತಿಗೆಗೆ ಸಿಕ್ಕಿದ್ದರು. ಅವರನ್ನು ಬಿಡಿಸಲು ಸೆಪ್ಟೆಂಬರ್‌ನಲ್ಲಿ ಇಕ್ಕಟ್ಟಾದ ಬೀದಿಗಳ ಮೂಲಕ ನುಗ್ಗಿದ ಸೇನಾನಾಯಕರಾದ ಹ್ಯಾವ್‌ಲಾಕ್ ಮತ್ತು ಔಟ್ರಮ್ ನೂರಾರು ಜನರನ್ನು ಕಳೆದುಕೊಂಡು ತಾವೂ ಒಳಗೇ ಸಿಕ್ಕಿಕೊಂಡರು. ನವೆಂಬರ್‌ನಲ್ಲಿ ಸುಮಾರು ಐದು ಸಾವಿರ ಜನರೊಡನೆ ಬಂದ ಕ್ಯಾಂಪ್‌ಬೆಲ್ ಆ ಬೀದಿಗಳ ತಂಟೆಗೇ ಹೋಗಲಿಲ್ಲ. ಊರಿನ ಪೂರ್ವಕ್ಕೆ ಸುತ್ತಿಕೊಂಡು, ತೋಟಗಳ ಬಯಲಲ್ಲಿ ತೋಪು ಎಳೆದೊಯ್ಯಬಲ್ಲ ದಾರಿ ಹಿಡಿದ. ದಿಲ್‌ಕುಶಾ ಅರಮನೆ, ಲಾ ಮಾರ್ಟಿನಿಯೇರ್ ಶಾಲೆ, ಆಮೇಲೆ ಸಿಕಂದರ್ ಬಾಗ್.

ಸಿಕಂದರ್ ಬಾಗ್ ನವಾಬ ವಾಜಿದ್ ಅಲಿ ಷಾ ಕಟ್ಟಿಸಿದ ಎತ್ತರದ ಗೋಡೆಯ ತೋಟ. ನವೆಂಬರ್ 16ರಂದು ಅದರೊಳಗೆ ಸುಮಾರು ಎರಡು ಸಾವಿರ ಸಿಪಾಯಿಗಳಿದ್ದರು. ತೋಪುಗಳು ಗೋಡೆಯ ಮೂಲೆಯಲ್ಲಿ ಮನುಷ್ಯ ನುಸುಳುವಷ್ಟು ಕಂಡಿ ಕೊರೆದವು. ಬಾಲಕ್ಲಾವಾದ ಅದೇ 93ನೆಯವರೂ, 4ನೇ ಪಂಜಾಬ್ ಕಾಲಾಳುಗಳೂ ಒಳಗೆ ನುಗ್ಗಿದರು. ಎಂಟು ವರ್ಷದ ಹಿಂದೆ ಕ್ಯಾಂಪ್‌ಬೆಲ್‌ನ ಎದುರು ನಿಂತಿದ್ದ ಪಂಜಾಬಿನ ಸಿಖ್ಖರು ಈಗ ಅವನ ಕಡೆ. ಒಳಗಿದ್ದವರಿಗೆ ಹೊರಹೋಗಲು ದಾರಿಯಿರಲಿಲ್ಲ. ಕಾನ್ಪುರದಲ್ಲಿ ಜುಲೈ ತಿಂಗಳು ಬ್ರಿಟಿಷ್ ಹೆಂಗಸರು ಮಕ್ಕಳನ್ನು ಕೊಂದದ್ದಕ್ಕೆ ಸೇಡು ಎಂದು ಕೂಗುತ್ತ, ಶರಣಾದವರನ್ನೂ ಉಳಿಸದೆ ಕೊಂದರು. ಸಂಜೆಯ ಹೊತ್ತಿಗೆ ತೋಟದ ತುಂಬ ಹೆಣಗಳ ರಾಶಿ.

93ನೆಯವರ ಸಾರ್ಜೆಂಟನೊಬ್ಬ ಬರೆದಿಟ್ಟ ನೆನಪು ಹೀಗಿದೆ. ತೋಟದ ನಡುವೆ ಒಂದು ದೊಡ್ಡ ಅರಳಿಮರ, ಅದರ ಬುಡದಲ್ಲಿ ತಣ್ಣೀರಿನ ಹೂಜಿಗಳು. ಬಾಯಾರಿ ನೀರು ಕುಡಿಯಲು ಬಂದ ಸೈನಿಕರು ಒಬ್ಬೊಬ್ಬರಾಗಿ ಅಲ್ಲೇ ಸತ್ತು ಬಿದ್ದರು. ಗಾಯಗಳನ್ನು ನೋಡಿದ ಅಧಿಕಾರಿಯೊಬ್ಬ ಗುಂಡುಗಳು ಮೇಲಿನಿಂದ ಬಂದಿವೆ ಎಂದು ಗುರುತಿಸಿದ. ಎಲೆಗಳ ನಡುವೆ ಅಡಗಿದ್ದವರಿಗೆ ಗುರಿಯಿಟ್ಟು ಹೊಡೆದಾಗ ಕೆಳಗೆ ಬಿದ್ದದ್ದು ಎರಡು ಪಿಸ್ತೂಲು ಹೊತ್ತ ಹೆಂಗಸು. ಆಕೆ ಪಾಸಿ ಸಮುದಾಯದ ಊದಾ ದೇವಿ ಎಂದು ಅವಧದ ಜನ ನಂಬಿದ್ದಾರೆ. ಸಿಕಂದರ್ ಬಾಗ್ ಬಳಿ ಇಂದು ಆಕೆಯ ಪ್ರತಿಮೆಯಿದೆ.

ಅದೇ ನವೆಂಬರ್‌ನ ಕೊನೆಯಲ್ಲಿ ನಮ್ಮ ಮುಧೋಳ ಸೀಮೆಯ ಹಲಗಲಿಗೂ ಕಂಪನಿ ದಂಡು ಬಂತು. ದಂಗೆಗೆ ಬೆದರಿದ ಸರ್ಕಾರ ಜನ ಆಯುಧ ಒಪ್ಪಿಸಬೇಕೆಂದು ಕಾನೂನು ಮಾಡಿತ್ತು, ಬೇಡರು ಒಪ್ಪಿಸಲಿಲ್ಲ. ಲಾವಣಿಯಾಗಿ ನಮಗೆ ಗೊತ್ತಿರುವ ಆ ಕಥೆಯೂ ಲಖನೌದ ಕಥೆಯೂ ಒಂದೇ ತಿಂಗಳಿನವು.

ಕ್ಯಾಂಪ್‌ಬೆಲ್ ರೆಸಿಡೆನ್ಸಿಯ ಜನರನ್ನು ನವೆಂಬರ್ 22ರ ರಾತ್ರಿಯ ಹೊತ್ತಿಗೆ ಸದ್ದಿಲ್ಲದೆ ಹೊರಗೆ ಸಾಗಿಸಿ ಲಖನೌವನ್ನು ಬಿಟ್ಟುಹೋದ. ಊರನ್ನು ಹಿಡಿದಿಟ್ಟುಕೊಳ್ಳುವಷ್ಟು ಬಲ ತನಗಿಲ್ಲ ಎಂಬುದು ಅವನ ಲೆಕ್ಕ. ಮತ್ತೆ ಬಂದದ್ದು ಮಾರ್ಚ್‌ನಲ್ಲಿ, ನೇಪಾಳದ ಜಂಗ್ ಬಹಾದ್ದೂರನ ಪಡೆಯೂ ಸೇರಿ ಮೂವತ್ತು ಸಾವಿರದಷ್ಟು ಜನ, ನೂರಕ್ಕೂ ಹೆಚ್ಚು ತೋಪುಗಳೊಡನೆ. ಗುಜರಾತಿನ ಪಾಠವನ್ನು ಅವನು ಮರೆತಿರಲಿಲ್ಲ. ನಗರ ಬಿತ್ತು, ಕೈಸರ್ ಬಾಗ್ ಅರಮನೆಯನ್ನು ಸೈನಿಕರು ಸೂರೆ ಮಾಡಿದರು. ಆ ನಡುವೆ ಗೋಮತಿಯ ಕಬ್ಬಿಣದ ಸೇತುವೆ ದಾಟಿ ಸಿಪಾಯಿಗಳ ದಾರಿ ತಡೆಯಲು ಔಟ್ರಮ್ ಅಪ್ಪಣೆ ಕೇಳಿದಾಗ, ಒಬ್ಬನೇ ಒಬ್ಬ ಸೈನಿಕ ಸಾಯುವಂತಿದ್ದರೂ ದಾಟಬೇಡ ಎಂದು ಕ್ಯಾಂಪ್‌ಬೆಲ್ ಹೇಳಿಕಳಿಸಿದ. ಸಾವಿರಾರು ಸಿಪಾಯಿಗಳು ತಪ್ಪಿಸಿಕೊಂಡು ಹಳ್ಳಿಗಾಡು ಸೇರಿದರು, ಹೋರಾಟ ತಿಂಗಳುಗಟ್ಟಲೆ ಬೆಳೆಯಿತು. ಬ್ರಿಟಿಷ್ ಟೀಕಾಕಾರರು ಇಂದಿಗೂ ಅವನನ್ನು ನಿಧಾನಿ ಎನ್ನುವುದು ಈ ಮಾತಿಗೇ. ಕೊರುನ್ನಾದಿಂದ ಚಿಲಿಯನ್‌ವಾಲಾದವರೆಗೆ ಅವನನ್ನು ಹಿಂಬಾಲಿಸಿ ಬಂದವರಿಗೆ ಆ ಆಜ್ಞೆ ವಿಚಿತ್ರವೆನಿಸದು. ತನ್ನ ಸೈನಿಕನ ಒಂದೊಂದು ಜೀವಕ್ಕೂ ಬೆಲೆ ಕಟ್ಟಲು ಕಲಿತಿದ್ದ ಮನುಷ್ಯ ಅವನು. ಸಿಕಂದರ್ ಬಾಗ್‌ನ ಗೋಡೆಯೊಳಗಿನ ಜೀವಗಳು ಆ ಲೆಕ್ಕದಲ್ಲಿ ಇರಲಿಲ್ಲ ಎಂಬುದನ್ನು ನಾನು ಅಷ್ಟೇ ಗಟ್ಟಿಯಾಗಿ ಹೇಳಬೇಕು.

1858ರಲ್ಲಿ ಅವನು ತನ್ನೂರಿನ ನದಿಯ ಹೆಸರಿನಿಂದ ಲಾರ್ಡ್ ಕ್ಲೈಡ್ ಆದ. 1862ರಲ್ಲಿ ಫೀಲ್ಡ್ ಮಾರ್ಷಲ್. ಮದುವೆಯಾಗಿರಲಿಲ್ಲ, ಪದವಿ ಮುಂದುವರಿಸಲು ಮಕ್ಕಳಿರಲಿಲ್ಲ. 1863ರ ಆಗಸ್ಟ್ 14ರಂದು ತೀರಿಕೊಂಡ. ಅಧಿಕಾರಿ ಹುದ್ದೆಗಳ ಮಾರಾಟವನ್ನು ಬ್ರಿಟಿಷ್ ಸರ್ಕಾರ ನಿಲ್ಲಿಸಿದ್ದು ಅದಾಗಿ ಎಂಟು ವರ್ಷಕ್ಕೆ, 1871ರಲ್ಲಿ. ಪ್ರಭುಗಳ ಸಭೆ ಅಡ್ಡ ನಿಂತಿದ್ದರಿಂದ ರಾಣಿಯ ಆಜ್ಞಾಪತ್ರದ ಮೂಲಕ ರದ್ದುಮಾಡಬೇಕಾಯಿತು.

ಅವನನ್ನು ಹೂಳಿದ್ದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ ಸತ್ತ ಔಟ್ರಮ್‌ನ ಸಮಾಧಿಯೂ ಅಲ್ಲೇ ಇದೆ. ನೆಲದ ಕಲ್ಲಿನ ಮೇಲೆ ಕಾಲಿನ್ ಕ್ಯಾಂಪ್‌ಬೆಲ್, ಲಾರ್ಡ್ ಕ್ಲೈಡ್ ಎಂದು ಕೆತ್ತಿದ್ದಾರೆ. ಬಡಗಿ ಜಾನ್ ಮ್ಯಾಕ್ಲಿವರ್‌ನ ಹೆಸರು ಅದರಲ್ಲಿಲ್ಲ.